ಮೈಸೂರಿನಲ್ಲಿ ಒಂದೂಮುಕ್ಕಾಲು ಅಡಿ

ಬುಧವಾರ ಬೆಳಿಗ್ಗೆ ಹುಬ್ಬಳ್ಳಿ ಸ್ಟೇಶನ್ನಿನಲ್ಲಿ ಮೈಸೂರು ಗಾಡಿ ಹತ್ತಿದಾಗ ನನ್ನ ಬಳಿ ಒಂದು ಬಟ್ಟೆಯ ಚೀಲ, ಡ್ರಾಯಿಂಗ್ ಹಾಳೆ ಸುತ್ತಿಟ್ಟ ಉದ್ದನೆಯ ಕೊಳವೆ, ಗೆಳತಿಯನ್ನು ಕೇಳಿ ತಂದ ಲೇಸರ್ ಮೀಟರು ಮತ್ತು ಅರವತ್ತೆರಡು ಪ್ರಶ್ನೆಗಳ ಒಂದು ಪಟ್ಟಿ ಇದ್ದವು. ಇವುಗಳಲ್ಲಿ ಪಟ್ಟಿಯ ಮೇಲೆಯೇ ನನಗೆ ಹೆಚ್ಚು ಅಭಿಮಾನ. ಎರಡು ವಾರ ಕೂತು ತಯಾರಿಸಿದ್ದೆ. ಅದನ್ನು ಹಿಡಿದು ಯಾವ ಮನೆಯ ಬಾಗಿಲು ಬಡಿದರೂ ಆ ಮನೆ ತನ್ನ ಗುಟ್ಟನ್ನೆಲ್ಲ ಬಾಯಿಬಿಡುತ್ತದೆ ಎಂದು ನಂಬಿದ್ದೆ.

ಎಂಟು ವರ್ಷ ಡಿಪ್ಲೊಮಾ ಹುಡುಗರಿಗೆ ಡ್ರಾಯಿಂಗ್ ಕಲಿಸಿ, ಆಮೇಲೆ ಎರಡು ವರ್ಷ ರಜೆ ಹಾಕಿ, ವಾಸ್ತುಶಿಲ್ಪದ ಸ್ನಾತಕೋತ್ತರ ಪದವಿಗೆ ಸೇರಿದವಳು ನಾನು. ಕೊನೆಯಲ್ಲಿ ಒಂದು ಪ್ರಬಂಧ ಬರೆಯಬೇಕು. ಮೈಸೂರಿನ ಹಳೆಯ ತೊಟ್ಟಿಮನೆಗಳು, ಅಂದರೆ ನಡುವೆ ಆಕಾಶಕ್ಕೆ ತೆರೆದ ಅಂಗಳವಿರುವ ಮನೆಗಳು, ನಾನು ಆರಿಸಿಕೊಂಡ ವಿಷಯ. ಮೊದಲ ಪರಿಶೀಲನೆಗೆ ಮೂವತ್ತು ಪುಟ ಬರೆದು ಒಯ್ದಿದ್ದೆ. ನನ್ನ ಗೈಡ್ ಮೇಡಂ ಅದರ ಮೇಲೆ ಎರಡೇ ಪದ ಬರೆದು ಹಿಂದಕ್ಕೆ ಕೊಟ್ಟರು: "ವಿಧಾನ ಎಲ್ಲಿ?" ನಾನು ಪುಸ್ತಕದಿಂದ ಪುಸ್ತಕಕ್ಕೆ ದಾಟಿದ್ದೇನೆಯೇ ಹೊರತು ಒಂದು ಮನೆಯ ಹೊಸ್ತಿಲನ್ನೂ ದಾಟಿಲ್ಲ ಎಂಬುದು ಅವರಿಗೆ ಗೊತ್ತಾಗಿತ್ತು.

"ಒಂದ ಮನಿ ಹಿಡಿ, ಚೊಕ್ಕ ಅಳದು ಬಾ," ಎಂದಿದ್ದರು. "ಅಳಿಯೂದು ಬಂದರ ಅರ್ಧಾ ವಿಧಾನ ಬಂದ್ಹಂಗ."

ಎರಡನೆಯ ಪರಿಶೀಲನೆ ಮುಂದಿನ ಸೋಮವಾರ. ಅದರಲ್ಲೂ ತಪ್ಪಿದರೆ ಮತ್ತೊಂದು ವರ್ಷ ಕಾಯಬೇಕು. ನನ್ನ ರಜೆಯೋ ಜೂನಿಗೆ ಮುಗಿಯುತ್ತದೆ. ಪದವಿಯಿಲ್ಲದೆ ಹಿಂದಿರುಗಿ ಅದೇ ಹುಡುಗರ ಮುಂದೆ ನಿಂತು ಅದೇ ಸೀಸಕಡ್ಡಿ ಹಿಡಿಯುವುದು ನನಗೆ ಬೇಡವಾಗಿತ್ತು. ಹೀಗಾಗಿ ಇದು ಸುಮ್ಮನೆ ಊರು ನೋಡುವ ಪಯಣವಾಗಿರಲಿಲ್ಲ.

ಕೂರುವ ಸೀಟಿಗೆ ಇನ್ನೂರು ರೂಪಾಯಿಯೊಳಗೇ ಟಿಕೆಟ್ಟು. ಹಾವೇರಿ, ದಾವಣಗೆರೆ ದಾಟುವವರೆಗೆ ಬಿಸಿಲು ಹಿತವಾಗಿತ್ತು. ಬೇಸಿಗೆ ಇನ್ನೂ ಬಾಯಿ ತೆರೆದಿರಲಿಲ್ಲ. ಅರಸೀಕೆರೆಯಲ್ಲಿ ವಡೆ ತಿಂದೆ. ಅಲ್ಲಿಂದ ಮುಂದೆ ತೆಂಗಿನ ತೋಟಗಳು ಶುರುವಾದವು, ರೈಲು ಡಬ್ಬಿಯಲ್ಲಿನ ಕನ್ನಡವೂ ಮೆತ್ತಗಾಯಿತು. ನಮ್ಮ ಕಡೆಯ ಕನ್ನಡಕ್ಕೆ ಎದೆ ಮುಂದು. ಇವರದು ಕೈ ಹಿಡಿದು ಕೂರಿಸುವ ಕನ್ನಡ. ಮೈಸೂರು ಮುಟ್ಟಿದಾಗ ದೀಪ ಹಚ್ಚುವ ಹೊತ್ತು.

ಗೋಕುಲಂನಲ್ಲಿ ಗೆಳತಿಯೊಬ್ಬಳ ಬಾಡಿಗೆ ಕೋಣೆ ಖಾಲಿಯಿತ್ತು. ಅಲ್ಲಿಗೆ ಹೋಗಬೇಕೆಂದಾಗ ಆಟೋದವರು ನನ್ನ ಹೆಗಲ ಮೇಲಿನ ಕೊಳವೆಯನ್ನು ನೋಡಿ, ನೀವೂ ಯೋಗ ಕಲಿಯಕ್ಕೆ ಬಂದ್ರಾ ಎಂದು ಕೇಳಿದರು. ಅದು ಚಾಪೆಯಲ್ಲ, ಹಾಳೆ ಎಂದರೂ ಅವರಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಬೆಳಿಗ್ಗೆ ಎದ್ದು ಬೀದಿಗೆ ಬಂದರೆ ಅವರ ತಪ್ಪೇನೂ ಇಲ್ಲ ಅನ್ನಿಸಿತು. ಯಾವ ಯಾವ ದೇಶದವರೋ ಚಾಪೆ ಸುತ್ತಿ ಹೆಗಲಿಗೇರಿಸಿ, ಎಳನೀರಿನ ಗಾಡಿಯ ಮುಂದೆ ಸಾಲಾಗಿ ನಿಂತಿದ್ದರು. ನಾನೂ ನನ್ನ ಕೊಳವೆಯೊಂದಿಗೆ ಸಾಲಿನಲ್ಲಿ ನಿಂತು ಒಂದು ಎಳನೀರು ಕುಡಿದು ಸಿಟಿ ಬಸ್ಸು ಹಿಡಿದೆ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ಆಧಾರ್ ತೋರಿಸಿದರೆ ಸೊನ್ನೆಯ ಟಿಕೆಟ್ಟು ಹರಿದು ಕೊಡುತ್ತಾರೆ.

ನಾನು ಅಳೆಯಬೇಕಾದ ಮನೆ ಕೃಷ್ಣರಾಜ ಮೊಹಲ್ಲಾದ ಒಂದು ಕಿರಿದಾದ ಬೀದಿಯಲ್ಲಿತ್ತು. ನನ್ನ ಸಹೋದ್ಯೋಗಿಯೊಬ್ಬರ ಸಂಬಂಧಿಕರ ಮನೆ. ಮಠಗಳಿಗೆ ವಿಭೂತಿ, ರುದ್ರಾಕ್ಷಿ, ಪೂಜೆ ಸಾಮಾನು ಒದಗಿಸುವ ಕುಟುಂಬ. ಯಜಮಾನರು ಬೆಳಿಗ್ಗೆಯೇ ಅಂಗಡಿಗೆ ಹೋದರೆ ರಾತ್ರಿಯೇ ಬರುವುದು. ಹಗಲು ಪೂರ್ತಿ ಮನೆ ಅವರ ಹೆಂಡತಿ ಸರ್ವಮಂಗಳಮ್ಮನವರದು. ಅರವತ್ತು ದಾಟಿದ, ಹಣೆಯ ತುಂಬ ವಿಭೂತಿ ಹಚ್ಚಿದ, ನೆಟ್ಟಗೆ ನಡೆಯುವ ಹೆಂಗಸು. ಬಾಗಿಲಲ್ಲೇ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮೊದಲು ತಿಂಡಿ ತಿನ್ನಿ ಎಂದರು.

ಹೊರಗಿನಿಂದ ಆ ಮನೆ ಏನೂ ಅಲ್ಲ. ಒಂದು ಜಗಲಿ, ಒಂದು ಬಾಗಿಲು, ಅಷ್ಟೇ. ತಲೆ ಬಗ್ಗಿಸಿ ಒಳಗೆ ಹೋಗಿ ಕತ್ತಲೆಯ ಓಣಿಯಂಥ ನಡವೆ ದಾಟಿ ತಲೆಯೆತ್ತಿದೆ. ನಡುವೆ ಆಕಾಶ ಇಳಿದಿತ್ತು. ನಾಲ್ಕು ಕಂಬ, ನಾಲ್ಕು ಕಡೆ ಇಳಿಜಾರಿನ ಹೆಂಚು, ಕೆಳಗೆ ಕೆಂಪು ಗಾರೆಯ ನೆಲ, ಅದರ ಮೇಲೆ ಒಂದು ಚೌಕ ಬೆಳಕು. ತೊಟ್ಟಿಮನೆಯ ಬಗ್ಗೆ ಮೂವತ್ತು ಪುಟ ಬರೆದವಳು ನಾನು. ಅದರಲ್ಲಿ ಒಂದು ಸಾಲೂ ಆಗ ನೆನಪಿಗೆ ಬರಲಿಲ್ಲ. ಕಂಬಕ್ಕೆ ಒರಗಿ ಕೂತುಬಿಟ್ಟೆ.

ಉಪ್ಪಿಟ್ಟು ತಿಂದು ಪಟ್ಟಿ ತೆರೆದೆ. ಹನ್ನೊಂದನೆಯ ಪ್ರಶ್ನೆ ಮನೆಯ ಗಾಳಿಯಾಟದ ಬಗ್ಗೆ: ತುಂಬ ತೃಪ್ತಿ, ತೃಪ್ತಿ, ಸಾಧಾರಣ, ಅತೃಪ್ತಿ. ಸರ್ವಮಂಗಳಮ್ಮ ನನ್ನನ್ನು ಕನಿಕರದಿಂದ ನೋಡಿದರು.

"ನೀವೇ ಕೂತಿದ್ದೀರಲ್ಲಮ್ಮ. ಸೆಕೆ ಆಗ್ತಿದ್ಯಾ?"

ಇಲ್ಲವೆಂದೆ. ಹಾಗಾದರೆ ನೀವೇ ಬರೆದುಕೊಳ್ಳಿ ಎಂದರು. ಇಪ್ಪತ್ತೊಂಬತ್ತನೆಯದು ನೀರಿನ ಮೂಲ: ನಲ್ಲಿ, ಬೋರ್‌ವೆಲ್, ಇತರೆ. ಕುಡಿಯುವ ನೀರು ಎಲ್ಲಿಂದ ಎಂದು ಕೇಳಿದೆ, ನಲ್ಲಿ ಎಂದರು, ಗುರುತು ಹಾಕಿದೆ. ನಲವತ್ತಕ್ಕೆ ಬರುವಷ್ಟರಲ್ಲಿ ಅವರು ಎದ್ದು ಹೋಗಿ ಸಂಡಿಗೆಯ ತಟ್ಟೆಗಳನ್ನು ಜರುಗಿಸತೊಡಗಿದ್ದರು. ಬೆಳಕಿನ ಚೌಕ ನೆಲದ ಮೇಲೆ ಸರಿದಂತೆಲ್ಲ ತಟ್ಟೆಗಳೂ ಸರಿಯುತ್ತಿದ್ದವು. ಗಡಿಯಾರದ ಕಡೆ ಅವರು ಕಣ್ಣೆತ್ತಲಿಲ್ಲ. ಬಿಸಿಲು ಮೂರನೆಯ ಕಂಬದ ಬುಡ ಮುಟ್ಟಿದರೆ ಹನ್ನೊಂದೂವರೆ, ಅನ್ನಕ್ಕಿಡುವ ಹೊತ್ತು ಎಂದು ಹೇಳಿ ಒಳಗೆ ಹೋದರು. ನನ್ನ ಫೋನು ಹನ್ನೊಂದು ಇಪ್ಪತ್ತೆಂಟು ತೋರಿಸುತ್ತಿತ್ತು. ಸೂರ್ಯನ ಹಾದಿ ಲೆಕ್ಕ ಹಾಕುವ ಸಾಫ್ಟ್‌ವೇರ್ ಕಲಿಯಲು ನಾನು ಒಂದು ಇಡೀ ಸೆಮಿಸ್ಟರ್ ಕಳೆದಿದ್ದೆ. ಪಟ್ಟಿಯನ್ನು ಮಡಚಿ ಚೀಲದೊಳಗೆ ಇಟ್ಟೆ. ಆ ಮಧ್ಯಾಹ್ನ ಈರನಗೆರೆ ಬದನೆಕಾಯಿಯ ಎಣ್ಣೆಗಾಯಿ, ಅನ್ನ, ತಿಳಿಸಾರು. ಬದನೆಕಾಯಿಯ ವಿಷಯದಲ್ಲಿ ನಮ್ಮ ಕಡೆಯವರು ಯಾರಿಗೂ ಸೋಲುವವರಲ್ಲ, ಆದರೂ ಎರಡು ಸಲ ಹಾಕಿಸಿಕೊಂಡೆ.

ಶುಕ್ರವಾರ ಪೂರ್ತಿ ಅಳೆದೆ. ಲೇಸರ್ ಮೀಟರಿನ ಗುಂಡಿ ಒತ್ತಿದರೆ ಎದುರು ಗೋಡೆಯ ಮೇಲೆ ಕೆಂಪು ಚುಕ್ಕೆ ಬೀಳುತ್ತದೆ, ಅಂಕಿ ಬರುತ್ತದೆ. ಜಗಲಿ, ನಡವೆ, ತೊಟ್ಟಿ, ಪಡಸಾಲೆ, ಅಡುಗೆಮನೆ, ಹಿಂದಿನ ಬಚ್ಚಲು. ಪ್ರತಿ ಕೋಣೆಯ ಉದ್ದ, ಅಗಲ, ಎತ್ತರ. ಸಂಜೆ ಐದಕ್ಕೆ ಗೋಕುಲಂ ಕೋಣೆಗೆ ಬಂದು ಗೆರೆ ಎಳೆಯಲು ಕೂತೆ.

ನಕ್ಷೆ ಕೂಡಲಿಲ್ಲ. ಮನೆಯ ಮುಂಭಾಗದ ಅಗಲ ಇಪ್ಪತ್ನಾಲ್ಕು ಅಡಿ. ಹಿಂಭಾಗದ್ದು ಇಪ್ಪತ್ತೆರಡೂಕಾಲು. ನಡುವೆ ಒಂದೂಮುಕ್ಕಾಲು ಅಡಿ ಎಲ್ಲೋ ಮಾಯವಾಗಿತ್ತು. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ. ನಾನು ಮೀಟರು ಡೊಂಕು ಅಂದೆ. ಬಚ್ಚಲಿನ ಪಕ್ಕದ ಗೋಡೆಗೆ ತಾಗಿ ಹಲಗೆ, ಕೊಳಗ, ಬಕೆಟ್ಟುಗಳ ರಾಶಿಯಿತ್ತು. ಕೆಂಪು ಚುಕ್ಕೆ ಗೋಡೆಗೆ ಬೀಳದೆ ಆ ರಾಶಿಗೆ ಬಿದ್ದಿರಬೇಕು ಎಂದುಕೊಂಡೆ. ಅಕ್ಕಪಕ್ಕದ ಎರಡು ಮನೆಗಳ ನಡುವಿನ ಗೋಡೆ ನೇರವಾಗಿರದೆ ಇನ್ನು ಹೇಗಿರುತ್ತದೆ? ತಪ್ಪನ್ನು ನಾಲ್ಕು ಕೋಣೆಗಳಿಗೆ ಹಂಚಿದೆ. ಇಲ್ಲಿ ಐದು ಇಂಚು ಹಿಗ್ಗಿಸಿ, ಅಲ್ಲಿ ಆರು ಇಂಚು ಎಳೆದು, ಮೂಲೆಗಳನ್ನೆಲ್ಲ ಮೂಲೆಮಟ್ಟವಿಟ್ಟು ತೊಂಬತ್ತು ಡಿಗ್ರಿಗೆ ಕೂಡಿಸಿ ಶಾಯಿ ಹಾಕಿದೆ. ಎಂಟು ವರ್ಷ ಪಳಗಿದ ಕೈ. ಹಾಳೆ ಅಚ್ಚಿನಿಂದ ಇಳಿಸಿದಂತಿತ್ತು. ನಾನು ಮಾಡಿದ್ದು ಮೋಸ ಎಂದು ಆ ಸಂಜೆ ನನಗೆ ಅನ್ನಿಸಲೇ ಇಲ್ಲ. ಸರಿಪಡಿಸಿದೆ ಅಂದುಕೊಂಡೆ.

ಶನಿವಾರ ಬೆಳಿಗ್ಗೆ ಹೋದರೆ ಹಿಂದಿನ ಗೋಡೆಯ ಗಾರೆ ಉದುರಿದ್ದಕ್ಕೆ ಮೆತ್ತಲು ಸಿದ್ದೇಗೌಡರು ಬಂದಿದ್ದರು. ಕಡಕೊಳದ ಪಕ್ಕದ ಹಳ್ಳಿಯವರು. ಅವರ ಅಣ್ಣತಮ್ಮಂದಿರ ಮಕ್ಕಳೆಲ್ಲ ಅಲ್ಲಿನ ಕಾರ್ಖಾನೆಗಳಲ್ಲೋ ಹೂಟಗಳ್ಳಿಯಲ್ಲೋ ಕೆಲಸಕ್ಕೆ ಸೇರಿದ್ದಾರೆ. ಇವರು ಮಾತ್ರ ಸುಣ್ಣದ ಗಾರೆ ಬಿಟ್ಟಿಲ್ಲ. ಹಳೆ ಮನೆ ಎಂದರೆ ಊರಲ್ಲಿ ಇವರಿಗೇ ಹೇಳಿ ಕಳಿಸುತ್ತಾರೆಂದು ಸರ್ವಮಂಗಳಮ್ಮ ಪರಿಚಯ ಮಾಡಿಕೊಟ್ಟರು. ಕೆಲಸ ಬಲ್ಲವರಿಗೆ ತೋರಿಸುವ ಆಸೆ ತಡೆಯಲಾರದೆ ನನ್ನ ಹಾಳೆಯನ್ನು ಪಡಸಾಲೆಯಲ್ಲಿ ಹಾಸಿದೆ.

ಸಿದ್ದೇಗೌಡರು ಕೈ ಒರೆಸಿಕೊಂಡು ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಬೆರಳು ಗೆರೆಗೆ ತಾಗದಂತೆ ಒಂದೊಂದೇ ಕೋಣೆ ದಾಟಿ ಹೋಯಿತು.

"ಬೋ ಚೆಂದಾಗದೆ," ಎಂದರು. "ಯಾರ ಮನೇದು?"

ತಮಾಷೆ ಮಾಡುತ್ತಿದ್ದಾರೆಂದು ನಕ್ಕೆ. ಅವರು ನಗುತ್ತಿರಲಿಲ್ಲ. ನೂಲುಂಡೆಯಿಂದ ಒಂದು ಮಾರು ದಾರ ಬಿಚ್ಚಿ, ತುದಿಯನ್ನು ನನ್ನ ಕೈಗೆ ಕೊಟ್ಟು, ಅಡುಗೆಮನೆಯ ಒಂದು ಮೂಲೆಯಲ್ಲಿ ಹಿಡಿದು ನಿಲ್ಲಲು ಹೇಳಿದರು. ತಾವು ದಾರ ಬಿಡುತ್ತ ಎದುರಿನ ಓರೆ ಮೂಲೆಗೆ ಹೋಗಿ, ಬಿಗಿಯಾಗಿ ಎಳೆದು ಗಂಟು ಹಾಕಿದರು. ಆಮೇಲೆ ಇನ್ನೆರಡು ಮೂಲೆಗಳಿಗೆ ಅದೇ ದಾರ ಹಿಡಿದೆವು. ಗಂಟು ಗೋಡೆ ಮುಟ್ಟಿಯೂ ಹೆಚ್ಚುಕಡಿಮೆ ಒಂದು ಗೇಣು ದಾರ ಮಿಕ್ಕಿ ಜೋತುಬಿತ್ತು.

ಆ ಜೋತ ದಾರವನ್ನು ನೋಡುತ್ತ ನನಗೆ ಕಿವಿ ಬಿಸಿಯಾಯಿತು. ಚೌಕದ ಎರಡು ಕರ್ಣಗಳು ಸಮ ಎಂದು ಏಳನೆಯ ಕ್ಲಾಸಿನ ಮಗುವಿಗೂ ಗೊತ್ತು. ನಾನು ಕಲಿಸಿದ್ದು ಕೊಟ್ಟ ಅಳತೆಗೆ ಗೆರೆ ಎಳೆಯುವುದನ್ನು. ನಿಂತಿರುವ ಮನೆಯ ಮೂಲೆಯನ್ನು ಒಮ್ಮೆಯೂ ಕೇಳಿರಲಿಲ್ಲ.

"ಉದ್ದ ಅಗಲ ಯಾರ್ ಬೇಕಾದ್ರೂ ಹೇಳ್ತರೆ," ಎಂದರು ಸಿದ್ದೇಗೌಡರು ದಾರ ಸುತ್ತುತ್ತ. "ಮನೆ ಎಂಗೆ ನಿಂತದೆ ಅನ್ನದ್ನ ಮೂಲೇನೆ ಕೇಳ್ಬೇಕು ಕಣಮ್ಮ."

ಹಳೆ ಕಾಲದವರು ಅಂದಾಜಿನಲ್ಲಿ ಕಟ್ಟಿ ಗೋಡೆ ಸೊಟ್ಟ ಮಾಡಿರಬಹುದೇ ಎಂದು ಕೇಳಿದೆ. ಅವರಿಗೆ ಸಿಟ್ಟು ಬಂತು. ತೊಟ್ಟಿಯನ್ನು ನೂಲಿಟ್ಟು ನೋಡಿ, ಒಂದು ಕಾಳಿನಷ್ಟೂ ಹೆಚ್ಚುಕಡಿಮೆಯಿಲ್ಲ ಎಂದರು. ಅಷ್ಟು ನೇರ ಕಟ್ಟಿದ ಕೈ ಇಲ್ಲಿ ಬೇಕೆಂದೇ ಬಗ್ಗಿಸಿದೆ. ಏಕೆ ಎಂಬುದು ಕಟ್ಟಿಸಿದವರಿಗೆ ಗೊತ್ತು, ಅಮ್ಮನವರನ್ನು ಕೇಳಿ ಎಂದು ಹೇಳಿ ಎದ್ದರು.

ಕೇಳಿದಾಗ ಸರ್ವಮಂಗಳಮ್ಮ ನನ್ನನ್ನು ಕರೆದುಕೊಂಡು ಬಚ್ಚಲಿಗೆ ನಡೆದರು. ಬಕೆಟ್ಟುಗಳನ್ನು ಪಕ್ಕಕ್ಕಿಟ್ಟು, ನಾನು ಹಿಂದಿನ ದಿನ ರಾಶಿಯೆಂದು ಬಿಟ್ಟಿದ್ದ ಹಲಗೆಗಳನ್ನು ಒಂದೊಂದಾಗಿ ಎತ್ತಿದರು. ಕೆಳಗೆ ಬಾವಿಯಿತ್ತು. ಬಾವಿ ಎನ್ನುವುದಕ್ಕಿಂತ ಅರ್ಧ ಬಾವಿ. ಕಲ್ಲಿನ ಕಟ್ಟೆ ಅರ್ಧಚಂದ್ರದಂತೆ ಬಂದು ಗೋಡೆಗೆ ಮುಟ್ಟಿ ನಿಂತಿತ್ತು. ಗೋಡೆ ಒಂದು ದಪ್ಪ ಕಲ್ಲಿನ ತೊಲೆಯ ಮೇಲೆ ಕೂತು ಬಾವಿಯ ನಡುಮಧ್ಯೆ ಹಾದುಹೋಗಿತ್ತು. ತೊಲೆಯ ಕೆಳಗೆ ಗೋಡೆಯಿಲ್ಲ, ಬರೀ ನೀರು. ಆ ಬದಿಯ ತೆರೆದ ಹಿತ್ತಲಿನ ಬೆಳಕು ಆ ನೀರಿಗೆ ಬಿದ್ದು ಈ ಬದಿಯ ಕತ್ತಲೆಯಲ್ಲಿ ಅಲುಗುತ್ತಿತ್ತು.

ಬಗ್ಗಿ ನೋಡುತ್ತಿರುವಾಗಲೇ ಆಳದಿಂದ ಒಂದು ಹೆಂಗಸಿನ ದನಿ ಎದ್ದು ಬಂತು.

"ಮಂಗಳಕ್ಕ, ಇದೇನ್ ಈಟೊತ್ನಲ್ಲಿ ತೆಗ್ದಿದ್ದೀರಿ?"

"ಹುಬ್ಬಳ್ಳಿ ಮೇಡಂ ನೋಡ್ಬೇಕಂತೆ ಕಣೇ ಜಯಾ," ಎಂದರು ಸರ್ವಮಂಗಳಮ್ಮ ನೀರಿಗೇ.

ಪಕ್ಕದ ಮನೆಯ ಜಯಮ್ಮ. ಕೊಡವೊಂದು ಆ ಬದಿಯಿಂದ ಇಳಿದು ಮುಳುಗಿತು. ಅಲೆ ತೊಲೆಯ ಕೆಳಗೆ ಹಾದು ನಮ್ಮ ಕಡೆಯ ಕಲ್ಲಿಗೆ ಬಂದು ಬಡಿಯಿತು.

ಕಥೆ ಸರ್ವಮಂಗಳಮ್ಮನವರ ಅತ್ತೆಯ ಅತ್ತೆಯ ಕಾಲದ್ದು. ಆಗ ಎರಡೂ ನಿವೇಶನ ಇವರದೇ. ಸೌದೆ ಗಾಡಿ ಹೊಡೆದುಕೊಂಡು ಊರಿಗೆ ಬರುತ್ತಿದ್ದ ಒಕ್ಕಲಿಗರೊಬ್ಬರಿಗೆ ಅರ್ಧ ಜಾಗ ಮಾರಿದರಂತೆ. ಆತ ಜಯಮ್ಮನ ಗಂಡನ ಮುತ್ತಾತ. ನೂಲು ಹಿಡಿದು ಗುರುತು ಹಾಕಿದಾಗ ಬಾವಿ ಇಡಿಯಾಗಿ ಇವರ ಬದಿಗೆ ಬಿತ್ತು. ಗೋಡೆಯ ಪಾಯ ತೋಡುವ ದಿನ ಈ ಮನೆಯ ಹಿರಿಯಾಕೆ, ಅದೇ ಅತ್ತೆಯ ಅತ್ತೆ, ಬಂದು ನಿಂತು, ಪಡಸಾಲೆ ದಾಟಿದ ಮೇಲೆ ಗೋಡೆಯನ್ನು ನಮ್ಮ ಒಳಕ್ಕೆ ತಿರುಗಿಸಿ ಎಂದರಂತೆ. ಮೇಸ್ತ್ರಿ ಒಪ್ಪಲಿಲ್ಲ, ಗಂಡನೂ ಒಪ್ಪಲಿಲ್ಲ. ಆಕೆ ಪಟ್ಟು ಬಿಡಲಿಲ್ಲ.

"ಜಾಗ ಮಾರಿದ್ದಾಯ್ತು, ನೀರು ಮಾರಕ್ಕಾಗತ್ತಾ ಅಂದ್ರಂತೆ," ಎಂದರು ಸರ್ವಮಂಗಳಮ್ಮ. "ಆ ಮನೆ ಸೊಸೆ ಕೊಡ ಹಿಡ್ಕೊಂಡು ಬೀದಿ ಬಾವಿಗೆ ಹೋಗ್ಬಾರ್ದು ಅಂತ. ಬೆಳಿಗ್ಗೆ ನೀವು ಬರೋ ಮುಂಚೆ ನಾವಿಬ್ರೂ ಇಲ್ಲೇ ಮಾತಾಡೋದು."

ಇಷ್ಟು ದೊಡ್ಡ ವಿಷಯವನ್ನು ಮೊದಲೇ ಏಕೆ ಹೇಳಲಿಲ್ಲ ಎಂದು ನಾನು ಕೇಳಿದೆ. ಕೇಳಿದ ಮೇಲೆ ನಾಚಿಕೆಯಾಯಿತು. ನೀವು ಕುಡಿಯೋ ನೀರು ಕೇಳಿದಿರಿ, ಅದು ನಲ್ಲಿಯದೇ ಎಂದು ಅವರು ಮಾಮೂಲಿ ದನಿಯಲ್ಲಿ ಹೇಳಿದರು.

ಬಾವಿಯನ್ನು ಅಳೆದೆ. ಈ ಸಲ ಸಿದ್ದೇಗೌಡರ ನೂಲಿನಲ್ಲಿ. ಕಟ್ಟೆಯೊಳಗಿನ ಅಡ್ಡಗಲ ಮೂರೂವರೆ ಅಡಿ. ಅದರ ಅರ್ಧ ಲೆಕ್ಕ ಹಾಕಿದೆ. ಒಂದೂಮುಕ್ಕಾಲು ಅಡಿ. ನಾನು ಶುಕ್ರವಾರ ಸಂಜೆ ನಾಲ್ಕು ಕೋಣೆಗಳಿಗೆ ಹಂಚಿ ಅಳಿಸಿಹಾಕಿದ್ದು ಇದನ್ನೇ. ನನಗೆ ಹೆಸರು ಕೂಡ ತಿಳಿಯದ ಒಬ್ಬ ಹೆಣ್ಣುಮಗಳು ತನ್ನ ಮನೆಯಿಂದ ಅಳೆದು ಕೊಟ್ಟಿದ್ದನ್ನು, ಬಂದ ಎರಡನೇ ದಿನಕ್ಕೇ ನಾನು ಕಿತ್ತುಕೊಂಡಿದ್ದೆ. ಬಚ್ಚಲಿನ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಸರ್ವಮಂಗಳಮ್ಮ ಗಾಬರಿಯಾಗಿ ಕಾಫಿ ತಂದರು.

ಆಗ ಹನ್ನೊಂದೂವರೆ, ಬಿಸಿಲು ಮೂರನೆಯ ಕಂಬದ ಬುಡದಲ್ಲಿತ್ತು. ಮರುದಿನ ಬೆಳಿಗ್ಗೆ ನನ್ನ ಗಾಡಿ. ಕೊಳವೆಯಲ್ಲಿ ಶಾಯಿ ಹಾಕಿದ ಚೆಂದದ ಹಾಳೆಯಿದೆ. ಹುಬ್ಬಳ್ಳಿಯಿಂದ ಯಾರೂ ಬಂದು ಅಳೆದು ನೋಡುವುದಿಲ್ಲ. ಹೊಸದಾಗಿ ಅಳೆದರೆ ಪೆನ್ಸಿಲ್ಲಿನ ಕಚ್ಚಾ ಹಾಳೆಯನ್ನಷ್ಟೇ ಒಯ್ಯಲು ಸಾಧ್ಯ, ಅದೂ ಎರಡನೆಯ ಪರಿಶೀಲನೆಗೆ. ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಾಫಿ ಮುಗಿಯುವವರೆಗೂ ಯೋಚಿಸಿದೆ. ಆಮೇಲೆ ಸಿದ್ದೇಗೌಡರ ಹತ್ತಿರ ಹೋಗಿ ನೂಲುಂಡೆ ಕೇಳಿದೆ.

ಪ್ರತಿ ಕೋಣೆಯನ್ನೂ ಮೂಲೆಯಿಂದ ಮೂಲೆಗೆ ಅಳೆದೆ. ಸರ್ವಮಂಗಳಮ್ಮ ಒಂದು ತುದಿ ಹಿಡಿದರು. ಗಾರೆ ಮೆತ್ತುತ್ತಲೇ ಸಿದ್ದೇಗೌಡರು, ನೂಲು ಸಡಿಲ ಆಯ್ತು, ಬಿಗಿಯಾಗಿ ಹಿಡೀರಿ ಎಂದು ಗದರಿಸುತ್ತಿದ್ದರು. ಮಧ್ಯಾಹ್ನದ ಮೇಲೆ ಬೀದಿಗಿಳಿದು ಪಕ್ಕದ ಬಾಗಿಲಿನಿಂದ ಜಯಮ್ಮನ ಮನೆಗೆ ಹೋದೆ. ಅವರ ಹಿತ್ತಲಲ್ಲಿ ಬಾವಿಯ ಇನ್ನರ್ಧ ಬಿಸಿಲಲ್ಲಿತ್ತು, ಕಟ್ಟೆಯ ಮೇಲೆ ಅರಿಶಿನ ಕುಂಕುಮ. ಅವರ ಮನೆಯ ಹಿಂಭಾಗ ಮುಂಭಾಗಕ್ಕಿಂತ ಸರಿಯಾಗಿ ಒಂದೂಮುಕ್ಕಾಲು ಅಡಿ ಅಗಲ. ತಮ್ಮ ಮನೆ ಹಿಂದಕ್ಕೆ ಅಗಲವಾಗುತ್ತದೆ ಎಂದು ಜಯಮ್ಮನಿಗೂ ಗೊತ್ತಿರಲಿಲ್ಲ. ನಾನು ತೋರಿಸಿದಾಗ ಅವರು ಗೋಡೆಯ ಮೇಲೆ ಅಂಗೈಯಿಟ್ಟು ನಿಂತರು. ಆಮೇಲೆ ನನಗೆ ಒಂದು ಡಬ್ಬಿ ರಾಗಿ ಹುರಿಹಿಟ್ಟು ಕಟ್ಟಿಕೊಟ್ಟರು. ಎರಡೂ ಮನೆಗಳನ್ನು ಒಂದೇ ಹಾಳೆಯ ಮೇಲೆ, ನಡುವೆ ಬಾವಿಯಿಟ್ಟು, ಸಂಜೆಯೊಳಗೆ ಪೆನ್ಸಿಲ್ಲಿನಲ್ಲಿ ಇಳಿಸಿದೆ.

ಹೊರಡುವಾಗ ಸರ್ವಮಂಗಳಮ್ಮ ಜಗಲಿಯವರೆಗೆ ಬಂದು, ನಮ್ಮ ಮನೆ ಸೊಟ್ಟ ಎಂದು ಬರೆಯುತ್ತೀರಾ ಎಂದು ಕೇಳಿದರು. ಎಷ್ಟು ಸೊಟ್ಟ ಎಂದೂ ಬರೆಯುತ್ತೇನೆ ಎಂದೆ. ಅವರಿಗೆ ಸಮಾಧಾನವಾದಂತೆ ಕಂಡಿತು. ಬೀದಿಯ ತಿರುವಿನಲ್ಲಿ ತಿರುಗಿ ನೋಡಿದೆ. ಎರಡು ಮನೆಗಳೂ ಅಕ್ಕಪಕ್ಕ, ಏನೂ ಅರಿಯದಂತೆ, ಬೀದಿಗೆ ನೆಟ್ಟಗೆ ಮುಖ ಮಾಡಿ ನಿಂತಿದ್ದವು.

ಸೋಮವಾರ ಹನ್ನೊಂದಕ್ಕೆ ಪರಿಶೀಲನೆ. ಗೈಡ್ ಮೇಡಂ ಪೆನ್ಸಿಲ್ ಹಾಳೆಯನ್ನು ಮೇಜಿನ ಮೇಲೆ ಹರಡಿ ಸ್ಕೇಲು ತೆಗೆದರು. ಮೊದಲು ಇಟ್ಟದ್ದೇ ಅಡುಗೆಮನೆಯ ಓರೆ ಮೂಲೆಗೆ. ಎರಡು ಕರ್ಣಗಳನ್ನೂ ನಾನು ಬರೆದ ಅಂಕಿಗಳೊಂದಿಗೆ ಹೋಲಿಸಿ, ಗೋಡೆ ಏಕೆ ಓರೆಯಿದೆ ಎಂದು ಕೇಳಿದರು. ಹೇಳಿದೆ. ಚೆಂದದ ಹಾಳೆಯನ್ನೂ ಕೊಳವೆಯಿಂದ ತೆಗೆದು ಪಕ್ಕದಲ್ಲಿಟ್ಟು, ಶುಕ್ರವಾರ ಮಾಡಿದ್ದನ್ನೂ ಹೇಳಿದೆ. ಅವರು ಸ್ಕೇಲನ್ನು ಆ ಹಾಳೆಯ ಅಡುಗೆಮನೆಗೂ ಇಟ್ಟು ನೋಡಿದರು.

"ಈಗ ವಿಧಾನ ಬರಿ," ಎಂದರು. "ಹೆಂಗ ತಪ್ಪಿದಿ ಅನ್ನೂದರಿಂದ ಸುರು ಮಾಡು. ಎರಡೂ ಹಾಳಿ ಪ್ರಬಂಧಕ್ಕ ಹಚ್ಚು."

ಮಂಗಳವಾರ ಬೆಳಿಗ್ಗೆ ಏಳಕ್ಕೆ ಸರ್ವಮಂಗಳಮ್ಮನವರ ಫೋನು ಬಂತು. ಹಲಗೆ ಜರುಗಿಸುವ ಸದ್ದು ಮೊದಲು ಕೇಳಿಸಿತು, ಆಮೇಲೆ ಅವರ ದನಿ. ಏನಾಯಿತು ಎಂದು ಕೇಳಿದರು. ಒಪ್ಪಿದರು ಎಂದೆ. ಅವರು ಫೋನನ್ನು ಕಿವಿಯಿಂದ ತೆಗೆದಿರಬೇಕು. "ಒಪ್ಪಿದ್ರಂತೆ ಕಣೇ" ಎಂದದ್ದು ಕೆಳಗೆಲ್ಲೋ ಇಳಿದುಹೋಯಿತು. ಒಂದು ಗಳಿಗೆ ನೀರು ಅಲುಗಿದ ಸದ್ದು. ಆಮೇಲೆ ಬಾವಿಯ ಆ ಅರ್ಧದಿಂದ, ಕಲ್ಲಿನ ತೊಲೆಯ ಕೆಳಗೆ ಹಾದು, ಜಯಮ್ಮನ ದನಿ ಹುಬ್ಬಳ್ಳಿಗೆ ಬಂತು: ಹುರಿಹಿಟ್ಟು ಮುಗಿದರೆ ಹೇಳಬೇಕಂತೆ.